ನಟ್ ಬಿಗಿಯುವ ಲೆಕ್ಕ: ಕೆಜಿ-ಮೀಟರ್, ನ್ಯೂಟನ್-ಮೀಟರ್, ಅಡಿ-ಪೌಂಡ್

ಟ್ರ್ಯಾಕ್ಟರಿನ ಚಕ್ರದ ನಟ್ ಎಷ್ಟು ಬಿಗಿ ಇರಬೇಕು ಎಂದು ಕೇಳಿದರೆ ‘ಕೈಗೇ ಗೊತ್ತಾಗುತ್ತೆ ಬಿಡಿ’ ಎನ್ನುವವರೇ ಹೆಚ್ಚು. ಗೊತ್ತಾಗುವುದೇನೋ ನಿಜ, ಆದರೆ ಒಂದೊಂದು ಕೈಗೆ ಒಂದೊಂದು ಥರ. ಬಿಗಿ ಕಡಿಮೆಯಾದರೆ ಚಕ್ರ ಅಲುಗಾಡಿ ರಿಮ್ಮಿನ ತೂತು ಸವೆಯುತ್ತದೆ, ಸ್ಟಡ್ ಮುರಿಯುತ್ತದೆ. ಹೆಚ್ಚಾದರೆ ಸ್ಟಡ್ ಹಿಗ್ಗಿ ಥ್ರೆಡ್ ಹಾಳು. ಕಬ್ಬು ತುಂಬಿದ ಟ್ರೈಲರ್ ಎಳೆಯುವಾಗ ಚಕ್ರ ಕಳಚಿಕೊಂಡರೆ ಹೋಗುವುದು ಬರೀ ಸ್ಟಡ್ ಅಲ್ಲ.

ಎಷ್ಟು ಬಿಗಿಯಬೇಕು ಎಂಬುದು ಟ್ರ್ಯಾಕ್ಟರ್ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ. ತೊಡಕು ಬರುವುದು ಅಳತೆಯಲ್ಲಿ. ಪುಸ್ತಕ ಕೆಜಿ-ಮೀಟರ್‌ನಲ್ಲಿ ಹೇಳುತ್ತದೆ, ಅಂಗಡಿಯಿಂದ ತಂದ ಟಾರ್ಕ್ ರೆಂಚ್ ಮೇಲೆ ಅಡಿ-ಪೌಂಡ್ ಇರುತ್ತದೆ.

ಮೊದಲು ಕೆಜಿ-ಮೀಟರ್ ಅಂದರೇನು ನೋಡೋಣ. ಹಾರೆ ಉದ್ದವಾದಷ್ಟೂ ಕಲ್ಲು ಸುಲಭವಾಗಿ ಏಳುತ್ತದಲ್ಲ, ಇಲ್ಲೂ ಅದೇ. ಒಂದು ಮೀಟರ್ ಉದ್ದದ ಸ್ಪ್ಯಾನರ್ ಅಡ್ಡಕ್ಕೆ ಇಟ್ಟು ತುದಿಗೆ ಒಂದು ಕೆಜಿ ತೂಕ ನೇತುಹಾಕಿದರೆ, ಆ ತೂಕದಿಂದ ನಟ್ ಮೇಲೆ ಬೀಳುವ ತಿರುಚು ಬಲ ಒಂದು ಕೆಜಿ-ಮೀಟರ್. ಇದು 9.81 ನ್ಯೂಟನ್-ಮೀಟರ್‌ಗೆ ಸಮ. ಚಕ್ರದ ಕೆಲಸಕ್ಕೆ 10 ಎಂದೇ ಹಿಡಿಯಿರಿ, ನೂರಕ್ಕೆ ಎರಡರಷ್ಟು ವ್ಯತ್ಯಾಸ, ಅಷ್ಟೇ. ಅಡಿ-ಪೌಂಡ್‌ಗೆ ತರಬೇಕಾದರೆ ಕೆಜಿ-ಮೀಟರನ್ನು 7.23ರಿಂದ ಗುಣಿಸಿ. ಒಂದು ಅಡಿ-ಪೌಂಡ್ ಎಂದರೆ 1.356 ನ್ಯೂಟನ್-ಮೀಟರ್.

ಉದಾಹರಣೆಗೆ ನಿಮ್ಮ ಪುಸ್ತಕದಲ್ಲಿ 25 ಕೆಜಿ-ಮೀಟರ್ ಎಂದಿದೆ ಅನ್ನಿ. ನ್ಯೂಟನ್-ಮೀಟರ್ ರೆಂಚ್ ಆದರೆ 245ಕ್ಕೆ, ಅಡಿ-ಪೌಂಡ್ ರೆಂಚ್ ಆದರೆ 181ಕ್ಕೆ ಇಡಬೇಕು. ಅಳತೆ ನೋಡದೆ ಅಡಿ-ಪೌಂಡ್ ರೆಂಚನ್ನು 25ಕ್ಕೇ ಇಟ್ಟರೆ ಬೇಕಾದ ಬಿಗಿಯಲ್ಲಿ ಏಳನೇ ಒಂದು ಪಾಲೂ ಸಿಗುವುದಿಲ್ಲ. ರೆಂಚ್ ಮಾತ್ರ ‘ಟಕ್’ ಎಂದು ಸದ್ದು ಮಾಡಿ ಸರಿಯಾಗಿದೆ ಅನ್ನಿಸುತ್ತೆ!

ಸಣ್ಣ ಎಂಜಿನ್ನುಗಳಲ್ಲಿ ತಪ್ಪು ಉಲ್ಟಾ ಆಗುತ್ತದೆ. ಕಳೆ ಕತ್ತರಿಸುವ ಯಂತ್ರದ ಸ್ಪಾರ್ಕ್ ಪ್ಲಗ್‌ಗೆ 20 ನ್ಯೂಟನ್-ಮೀಟರ್ ಎಂದಿದ್ದು, ನೀವು 20 ಅಡಿ-ಪೌಂಡ್ ಹಾಕಿದರೆ ಅದು 27 ನ್ಯೂಟನ್-ಮೀಟರ್. ಹೆಡ್ ಅಲ್ಯೂಮಿನಿಯಂದು, ಥ್ರೆಡ್ ಕಿತ್ತುಬಂದರೆ ಪ್ಲಗ್ಗಿನ ಖರ್ಚಿಗೆ ಮುಗಿಯುವುದಿಲ್ಲ. ಇಂಚು-ಪೌಂಡ್ ಎಂಬ ಇನ್ನೊಂದು ಅಳತೆಯೂ ಇದೆ, 12 ಇಂಚು-ಪೌಂಡ್ ಸೇರಿದರೆ ಒಂದು ಅಡಿ-ಪೌಂಡ್. ಹಾಗೆಯೇ 100 ಕೆಜಿ-ಸೆಂಟಿಮೀಟರ್ ಒಂದು ಕೆಜಿ-ಮೀಟರ್.

ಟಾರ್ಕ್ ರೆಂಚ್ ಇಲ್ಲದವರು ಏನು ಮಾಡಬೇಕು? ಮೂಟೆ ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿದ್ದರೆ ಸಾಕು. ನಟ್ಟಿನ ನಡುಮಧ್ಯದಿಂದ ಸರಿಯಾಗಿ ಒಂದು ಮೀಟರ್ ಅಳೆದು, ಸ್ಪ್ಯಾನರಿಗೆ ಹಾಕಿದ ಪೈಪಿನ ಮೇಲೆ ಗುರುತು ಮಾಡಿ. ಅಲ್ಲಿಗೆ ಕೊಕ್ಕೆ ಸಿಕ್ಕಿಸಿ ತಕ್ಕಡಿ 25 ಕೆಜಿ ತೋರಿಸುವವರೆಗೆ ಎಳೆದರೆ 25 ಕೆಜಿ-ಮೀಟರ್ ಆಯಿತು. ಅರ್ಧ ಮೀಟರಿಗೆ ಸಿಕ್ಕಿಸಿದರೆ 50 ಕೆಜಿ ಬೇಕು. ಎಳೆತ ಸ್ಪ್ಯಾನರಿಗೆ ಮೂಲೆಮಟ್ಟದಲ್ಲಿರಲಿ, ಓರೆಯಾದರೆ ಲೆಕ್ಕ ಕೆಡುತ್ತದೆ. ಪೈಪನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ ಅಡ್ಡ ಎಳೆದರೆ ಪೈಪಿನ ತೂಕವೂ ಲೆಕ್ಕಕ್ಕೆ ಬರುವುದಿಲ್ಲ. ಅದೇ ಪೈಪಿನ ತುದಿಗೆ 70 ಕೆಜಿ ಆಳು ಹತ್ತಿ ನಿಂತರೆ ನಟ್ಟಿಗೆ 70 ಕೆಜಿ-ಮೀಟರ್, ಅಂದರೆ ಬೇಕಾದ್ದರ ಮೂರು ಪಟ್ಟಿನ ಹತ್ತಿರ. ನಮ್ಮ ಕಡೆ ಸ್ಟಡ್ ಕೆಡುವುದು ಹೆಚ್ಚಾಗಿ ಹೀಗೇ ಎಂದು ನನ್ನ ಅಂದಾಜು.

ಈ ತಕ್ಕಡಿ ಉಪಾಯ ಚಕ್ರಕ್ಕೆ, ನೇಗಿಲಿನ ಬೋಲ್ಟಿಗೆ ಸರಿ. ಎಂಜಿನ್ ಹೆಡ್ಡಿಗೆ ಬೇಡ, ಅದಕ್ಕೆ ಒಳ್ಳೆಯ ರೆಂಚೇ ಆಗಬೇಕು. ಪುಸ್ತಕ ಹೇಳದಿದ್ದರೆ ಥ್ರೆಡ್ಡಿಗೆ ಎಣ್ಣೆ ಸವರಬೇಡಿ. ಎಣ್ಣೆ ಇದ್ದರೆ ಅದೇ ಅಂಕಿಗೆ ಬೋಲ್ಟ್ ಇನ್ನೂ ಹೆಚ್ಚು ಎಳೆದುಕೊಳ್ಳುತ್ತದೆ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರು ಬಿಗಿಯಿರಿ. ಚಕ್ರ ಹಾಕಿದ ಮೇಲೆ ಒಂದಷ್ಟು ಹೊತ್ತು ಓಡಿಸಿ, ಅದೇ ಅಂಕಿಗೆ ಇನ್ನೊಮ್ಮೆ ಬಿಗಿದು ನೋಡಿ.