ದಾಸ್ಯ ತಾನಾಗಿ ಅಳಿಯಲಿಲ್ಲ



“ಕಾಲ ಬದಲಾಯಿತು, ದಾಸ್ಯವೂ ಹೋಯಿತು” ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಣ್ಣಾದ ಎಲೆಯಂತೆ ಅದು ತಾನಾಗಿ ಉದುರಿತೇ? ನಮ್ಮ ನಾಡಿನ ಚರಿತ್ರೆಯನ್ನೇ ನೋಡೋಣ.

ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ನಮ್ಮ ಸೀಮೆಯಲ್ಲಿ ಗದ್ದೆಯ ಜೊತೆಗೆ ಅಲ್ಲಿ ದುಡಿಯುವ ‘ಮೂಲದಾಳು’ಗಳೂ ಕೈ ಬದಲಾಗುತ್ತಿದ್ದರು. ಪಕ್ಕದ ಮಲಬಾರಿನಲ್ಲಿ 1819ರವರೆಗೂ ಧಣಿಯ ಕಂದಾಯ ಬಾಕಿಗಾಗಿ ಅವನ ಆಳುಗಳನ್ನು ಮಾರಲಾಗುತ್ತಿತ್ತು. ಧಣಿಗೆ ದುಡಿಮೆ, ಕಂಪೆನಿ ಸರಕಾರಕ್ಕೆ ಕಂದಾಯ. ಇಬ್ಬರಿಗೂ ಇದನ್ನು ಬಿಡುವ ತುರ್ತು ಇರಲಿಲ್ಲ.

ಆದರೂ ಕೆಲವರು ಎದ್ದು ನಿಂತರು. 1811–12ರಲ್ಲಿ, ಕಣ್ಣೂರಿನ ಬಳಿಯ ಅಂಜರಕಂಡಿ ತೋಟಕ್ಕೆ ತಿರುವಾಂಕೂರಿನಿಂದ ಕದ್ದು ತಂದಿದ್ದ ಮಕ್ಕಳನ್ನು ಮ್ಯಾಜಿಸ್ಟ್ರೇಟ್ ಥಾಮಸ್ ಬೇಬರ್ ಬಿಡಿಸಿದರು. ತೋಟ ನಡೆಸುತ್ತಿದ್ದ ಮರ್ಡಾಕ್ ಬ್ರೌನ್ ಕೂಡ ಬ್ರಿಟಿಷನೇ. ಕಾಲ ಒಂದೇ, ಆಡಳಿತ ಒಂದೇ. ಬೇರೆಯಾಗಿದ್ದು ಮನುಷ್ಯರ ನಿರ್ಧಾರ.

ಕಾನೂನೂ ಕುಂಟುತ್ತಲೇ ಬಂತು. ಬ್ರಿಟನ್ 1833ರಲ್ಲಿ ದಾಸ್ಯ ರದ್ದು ಮಾಡಿದಾಗ ಕಂಪೆನಿಯ ಭಾರತವನ್ನು ಹೊರಗಿಟ್ಟಿತು. 1843ರ ಐದನೇ ಕಾಯಿದೆ, ದಾಸರ ಮೇಲಿನ ಒಡೆತನವನ್ನು ನ್ಯಾಯಾಲಯ ಮಾನ್ಯ ಮಾಡದಂತೆ ಮಾಡಿತು. ಆಳನ್ನು ಕೊಳ್ಳುವುದು, ಮಾರುವುದು ಶಿಕ್ಷಾರ್ಹವಾದದ್ದು 1862ರಲ್ಲಿ ದಂಡಸಂಹಿತೆ ಜಾರಿಯಾದ ಮೇಲೆ. ಜೀತ ನಿಷೇಧದ ಕಾಯಿದೆಗೆ 1976ರವರೆಗೆ ಕಾಯಬೇಕಾಯಿತು. ನಮ್ಮ ನೆರೆಯವರಾದ ಕೊರಗರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಕಾಯಿದೆಯಿಂದ ನಿಷೇಧಿಸಿದ್ದು 2000ದಲ್ಲಿ.

ಹೊರಗಿನ ಲೋಕದಲ್ಲೂ ಕಾಲವೇ ದಾಸ್ಯವನ್ನು ಕರಗಿಸಲಿಲ್ಲ. ಅಮೆರಿಕದಲ್ಲಿ 1790ರಲ್ಲಿ ಸುಮಾರು 7 ಲಕ್ಷ ದಾಸರಿದ್ದರು. 1860ರ ಹೊತ್ತಿಗೆ ಸುಮಾರು 40 ಲಕ್ಷ. ಹತ್ತಿಯ ಲಾಭ ಅದನ್ನು ಬೆಳೆಸಿತು. ಮುಗಿಸಲು ಯುದ್ಧವೇ ಬೇಕಾಯಿತು.

ಧರ್ಮಸಭೆಯ ಚರಿತ್ರೆಯನ್ನೂ ನಾವು ಪ್ರಾಮಾಣಿಕವಾಗಿ ಓದಬೇಕು. ಓಡಿಹೋಗಿದ್ದ ದಾಸ ಒನೇಸಿಮನನ್ನು ಸಹೋದರನಂತೆ ಸ್ವೀಕರಿಸಲು ಸಂತ ಪೌಲರು ಫಿಲೆಮೋನನಿಗೆ ಬರೆದಿದ್ದರು. ಆದರೂ 1452ರಲ್ಲಿ ಜಗದ್ಗುರು ಐದನೇ ನಿಕೋಲಸರು ಅನ್ಯಧರ್ಮೀಯರನ್ನು ದಾಸರಾಗಿಸಲು ಪೋರ್ಚುಗಲ್ಲಿನ ಅರಸನಿಗೆ ಅನುಮತಿ ಕೊಟ್ಟರು. 1839ರಲ್ಲಿ ಹದಿನಾರನೇ ಗ್ರೆಗೊರಿಯವರು ದಾಸವ್ಯಾಪಾರವನ್ನು ಖಂಡಿಸಿದರು. ಪತ್ರ ಕೈಯಲ್ಲಿದ್ದರೂ ಅದರಂತೆ ನಡೆಯಲು ಶತಮಾನಗಳು ಬೇಕಾದವು.

ಆದ್ದರಿಂದ ನಮಗಿರುವ ಪಾಠ ಇಷ್ಟೇ: ತಾನಾಗಿ ಬರದೇ ಇದ್ದದ್ದು ತಾನಾಗಿ ಉಳಿಯುವುದೂ ಇಲ್ಲ. ಕಾಯುವವರು ಬೇಕು.

ಯುವಕೂಟದ ಚರ್ಚೆಗೆ:
1. ನಮ್ಮೂರಿನ ಕಲ್ಲುಕೋರೆ, ತೋಟ, ಮನೆಗೆಲಸಗಳಲ್ಲಿ ಮುಂಗಡ ಸಾಲದಿಂದ ಕಟ್ಟಿಹಾಕಲ್ಪಟ್ಟವರು ಇದ್ದಾರೆಯೇ?
2. “ಮೊದಲಿನಿಂದಲೂ ಹೀಗೆಯೇ” ಎಂದು ನಾವು ಇಂದು ಯಾವ ಅನ್ಯಾಯವನ್ನು ಒಪ್ಪಿಕೊಂಡಿದ್ದೇವೆ?