ಚೈತ್ರದ ಹಿತ್ತಲು

ಹೋಳಿಹುಣ್ಣಿಮೆ ಕಳೆದು ಯುಗಾದಿ ಸಮೀಪಿಸುವ ಹೊತ್ತಿಗೆ, ಬೈಲಹೊಂಗಲ, ಸವದತ್ತಿಗಳ ಎರೆನೆಲವು ಬೆರಳು ಇಳಿಯುವಷ್ಟು ಬಿರಿದು, ಆ ಬಿರುಕುಗಳ ಮೂಲಕ ಆಳದ ತೇವವೂ ಆವಿಯಾಗತೊಡಗುವುದರಿಂದ, ಹಿತ್ತಲಿನಲ್ಲಿ ನಾಲ್ಕು ಕಾಯಿಪಲ್ಲೆ ಬೆಳೆಯಲಿಚ್ಛಿಸುವ ಗೃಹಸ್ಥರು ನೀರಿನ ಕೊಡಕ್ಕಿಂತ ಮೊದಲು ಸಣ್ಣ ಗುದ್ದಲಿಯನ್ನು ಕೈಗೆತ್ತಿಕೊಳ್ಳುವುದು ಲೇಸು. ಮೇಲ್ಮಣ್ಣನ್ನು ಎರಡಂಗುಲ ಸಡಿಲಿಸಿ, ಬಿರುಕು ಮುಚ್ಚಿ, ಅದರ ಮೇಲೆ ಕಡಲೆಹೊಟ್ಟನ್ನೋ ಕಬ್ಬಿನ ರವದಿಯನ್ನೋ ಹಾಸಿ, ಸಂಜೆ ನೀರುಣಿಸಿದರೆ ತಂಪು ಬಹುಕಾಲ ನಿಲ್ಲುವುದು. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ರಾಮದುರ್ಗದವರಿಗಾದರೋ, ಮಲಪ್ರಭೆ ಮಗ್ಗುಲಲ್ಲೇ ಇದ್ದರೂ, ಬೇಸಗೆಯಲ್ಲಿ ಬಚ್ಚಲ ನೀರೇ ಭಾಗೀರಥಿ.

ಹೀರೆ, ಸವತೆ, ಚವಳಿಗಳನ್ನು ಈಗಲೇ ಊರಬಹುದು. ಮೃಗಶಿರಾ ಮಳೆಗೆ ನೆಡಬೇಕಾದ ಬದನೆ, ಮೆಣಸಿನ ಅಗಿಗೆ ಮಾತ್ರ ಅವಸರ ಸಲ್ಲದು. ವೈಶಾಖದಲ್ಲಿ ಮಡಿ ಮಾಡಿ, ಗರಿಯ ನೆರಳು ಕೊಟ್ಟರೆ ಸಾಕು.

ಗೊಬ್ಬರದ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಒಂದು ವರ್ಷ ಹಸಿ ಸಗಣಿಯನ್ನೇ ಬುಡಕ್ಕೆ ಸುರಿದು, ಗೊಣ್ಣೆಹುಳುಗಳಿಗೆ ಸ್ವಹಸ್ತದಿಂದಲೇ ಆಮಂತ್ರಣವಿತ್ತು, ಹೂವಿಗೆ ಬಂದ ಎರಡು ಹೀರೆಬಳ್ಳಿಗಳನ್ನು ಕಳೆದುಕೊಂಡೆನು. ತಿಪ್ಪೆಗೊಬ್ಬರವು ನಾತವನ್ನೆಲ್ಲ ನೀಗಿ, ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕರಿಯ ಪುಡಿಯಾಗಿ ಉದುರುವಂತಾದ ಬಳಿಕವೇ ಬುಡಕ್ಕೆ ಹಾಕತಕ್ಕದ್ದು.