ಮನೆಯ ತೋಟದಲ್ಲಿ ಬರಿಬೇರಿನ ಅಲಂಕಾರ ವೃಕ್ಷಗಳನ್ನು ನೆಡುವ ಕ್ರಮ

ಮನೆಯ ಮುಂದೆ ನೆರಳಿಗೂ ಹೂವಿಗೂ ನಾಲ್ಕು ಮರಗಳಿರಬೇಕೆಂಬುದು ಗೃಹಸ್ಥರೆಲ್ಲರ ಅಪೇಕ್ಷೆ. ಆದರೆ ನೆಟ್ಟವು ಅನೇಕ, ಉಳಿದವು ಕೆಲವೇ ಎಂಬ ಮಾತನ್ನು ನಾವು ಗ್ರಾಮ ಗ್ರಾಮದಲ್ಲಿಯೂ ಕೇಳುತ್ತೇವೆ. ಇದಕ್ಕೆ ಮಳೆಯನ್ನೋ ಮಣ್ಣನ್ನೋ ದೂಷಿಸುವುದು ವಾಡಿಕೆ. ವಿಚಾರಮಾಡಿ ನೋಡಿದರೆ, ಸಸಿಯನ್ನು ಕಿತ್ತ ಗಳಿಗೆಯಿಂದ ನೆಡುವ ಗಳಿಗೆಯವರೆಗೆ ನಡೆಯುವ ಅಜಾಗ್ರತೆಯೇ ಬಹುಮಟ್ಟಿಗೆ ಕಾರಣವೆಂದು ತಿಳಿದುಬರುವುದು.

ಬೇರಿನ ಸುತ್ತ ಮಣ್ಣಿನ ಹೆಂಟೆಯಿಲ್ಲದೆ ಕಿತ್ತು ತಂದ ಸಸಿಗೆ ಬರಿಬೇರಿನ ಸಸಿಯೆಂದು ಹೆಸರು. ಈಗ ಸಸ್ಯಕ್ಷೇತ್ರಗಳಲ್ಲಿ ಪಾಲಿಥೀನ್ ಚೀಲದ ಸಸಿಗಳೇ ಹೆಚ್ಚಾಗಿ ದೊರೆಯುತ್ತವೆ. ಆದರೂ ಹೊಂಗೆಯ ಮರದ ಕೆಳಗೆ ತಾನಾಗಿ ಹುಟ್ಟಿದ ಸಸಿಗಳೂ, ಹಿತ್ತಿಲ ಪಾತಿಯಲ್ಲಿ ಬೆಳೆಸಿದ ಕಕ್ಕೆಯ ಸಸಿಗಳೂ, ಆಕಾಶಮಲ್ಲಿಗೆಯ ಬೇರಿನಿಂದೆದ್ದ ಮರಿಗಳೂ ಖರ್ಚಿಲ್ಲದೆ ಒದಗತಕ್ಕವು. ಸಾಗಿಸುವುದಕ್ಕೂ ಇವು ಹಗುರ.

ಕಾರಣ ವಿಚಾರ

ಸಸಿಯು ನೀರನ್ನು ಹೀರುವುದು ದಪ್ಪ ಬೇರಿನಿಂದಲ್ಲ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬೇರುರೋಮಗಳಿಂದ. ಕೀಳುವಾಗ ಇವುಗಳಲ್ಲಿ ಬಹುಭಾಗ ಹರಿದುಹೋಗುತ್ತದೆ. ಉಳಿದವು ಬಿಸಿಲುಗಾಳಿಗೆ ಕೆಲವು ನಿಮಿಷಗಳಲ್ಲಿಯೇ ಒಣಗುತ್ತವೆ. ಇತ್ತ ಎಲೆಗಳು ಮಾತ್ರ ಮೊದಲಿನಂತೆಯೇ ನೀರನ್ನು ಆವಿಯಾಗಿ ಹೊರಬಿಡುತ್ತಿರುತ್ತವೆ. ವರಮಾನ ನಿಂತು ಖರ್ಚು ಮಾತ್ರ ನಡೆಯುವ ಸಂಸಾರದಂತೆ ಸಸಿಯು ಬೇಗನೆ ನಾಶವಾಗುತ್ತದೆ.

ಶೀತದೇಶಗಳಲ್ಲಿ ಚಳಿಗಾಲದಲ್ಲಿ ಎಲೆಯುದುರಿಸಿ ಮರಗಳು ನಿದ್ರಿಸುತ್ತಿರುವಾಗ ಬರಿಬೇರಿನ ಸಸಿಗಳನ್ನು ನೆಡುತ್ತಾರೆ. ನಮ್ಮಲ್ಲಿ ನೆಡುವ ಕಾಲ ಮಳೆಗಾಲ; ಆಗ ಗಿಡವು ಎಚ್ಚತ್ತು ಚಿಗುರುತ್ತಿರುತ್ತದೆ. ಆದುದರಿಂದ ಎಲೆಯನ್ನು ಕಳೆದು ಆ ನಿದ್ರೆಯನ್ನು ನಾವೇ ಉಂಟುಮಾಡಬೇಕು. ಈ ಕ್ರಮದ ಮರ್ಮವೆಲ್ಲಾ ಇದರಲ್ಲಿ ಅಡಗಿದೆ.

ಜಾತಿಯ ಆಯ್ಕೆ

೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ತೋಟಗಾರಿಕಾ ತಜ್ಞರಾದ ಕ್ರುಂಬಿಗಲ್‌ರವರು, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಮನೆಯಂಗಳಕ್ಕೂ ಈ ನೀತಿ ಸಲ್ಲುತ್ತದೆ. ಯುಗಾದಿಯ ಆಚೀಚೆ ಹೊಂಗೆ, ಬೇಸಗೆಯಲ್ಲಿ ಕಕ್ಕೆಯ ಹಳದಿ ಗೊಂಚಲು, ಮಳೆ ಕಳೆದ ಮೇಲೆ ಆಕಾಶಮಲ್ಲಿಗೆಯ ಸುವಾಸನೆ ಎಂದು ಮೂರು ಜಾತಿಗಳಿದ್ದರೂ ಅಂಗಳ ಶೋಭಿಸುವುದು. ಸಂಪಿಗೆ, ರಂಜ ಮೊದಲಾದ ನಿತ್ಯಹಸುರಿನ ಮರಗಳನ್ನು ಬರಿಬೇರಿನಲ್ಲಿ ಕೀಳಕೂಡದು. ಅವನ್ನು ಮಣ್ಣಿನ ಹೆಂಟೆಯ ಸಹಿತವೇ ತರಬೇಕು. ಯಾವ ದೊಡ್ಡ ಮರವನ್ನಾದರೂ ಗೋಡೆಯಿಂದಲೂ ಬಾವಿಯಿಂದಲೂ ೨೦ ಅಡಿಗೆ ಕಡಮೆಯಿಲ್ಲದ ದೂರದಲ್ಲಿ ನೆಡತಕ್ಕದ್ದು.

ಕುಳಿ ಮತ್ತು ಕಾಲ

ಬೇಸಗೆಯಲ್ಲಿಯೇ ೨ ಅಡಿ ಉದ್ದ, ೨ ಅಡಿ ಅಗಲ, ೨ ಅಡಿ ಆಳದ ಕುಳಿಗಳನ್ನು ತೆಗೆದು ಬಿಸಿಲಿಗೆ ಬಿಡಬೇಕು. ಮೇಲುಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಗೆದ್ದಲಿನ ಭಯವಿದ್ದಲ್ಲಿ ಒಂದೆರಡು ಹಿಡಿ ಬೇವಿನ ಹಿಂಡಿಯನ್ನೂ ಸೇರಿಸಿ, ಮಳೆಗೆ ಮುಂಚೆ ತುಂಬಬೇಕು. ಹಸಿ ಗೊಬ್ಬರವನ್ನು ಹಾಕಕೂಡದು. ಅದು ಬೇರನ್ನು ಸುಡುವುದಲ್ಲದೆ ಗೆದ್ದಲನ್ನೂ ಕರೆಯುತ್ತದೆ.

ಮಲೆನಾಡಿನಲ್ಲಿ ಮೃಗಶಿರ ಮಳೆ ಬಿದ್ದು ನೆಲ ಒಂದು ಅಡಿ ನೆಂದ ಮೇಲೆ ನೆಡಬಹುದು. ಪೂರ್ವದ ಬಯಲುಸೀಮೆಯಲ್ಲಿ ಆಷಾಢದ ಒಣಗಾಳಿ ಬಲವಾದುದರಿಂದ, ನೀರಿನ ಅನುಕೂಲವಿಲ್ಲದವರು ಉತ್ತರೆ ಮಳೆಯವರೆಗೆ ತಡೆಯುವುದು ಲೇಸು.

ಕೀಳುವುದು, ಸಾಗಿಸುವುದು

ನನ್ನ ಸೇವೆಯ ಮೊದಲ ವರ್ಷಗಳಲ್ಲಿ ಒಬ್ಬ ಜಮೀನುದಾರರ ತೋಟಕ್ಕೆ ೮೦ ಹೊಂಗೆಯ ಸಸಿಗಳನ್ನು ಎಲೆ ಸಹಿತವಾಗಿ ಕೀಳಿಸಿ, ಬೇರಿಗೆ ಏನನ್ನೂ ಹೊದಿಸದೆ, ನಡುಹಗಲಿನಲ್ಲಿ ಗಾಡಿಯಲ್ಲಿ ತರಿಸಿದೆನು. ಅವು ನಾಲ್ಕು ದಿನ ಹಸುರಾಗಿದ್ದು ಆಮೇಲೆ ಒಣಗಿದುವು, ಉಳಿದವು ಒಂಬತ್ತು. “ಸ್ವಾಮೀ, ತಾವು ನೆಡಿಸಿದ್ದು ಸಸಿಯನ್ನೋ ಸೌದೆಯನ್ನೋ?” ಎಂದು ಆ ಯಜಮಾನರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷ ಅದೇ ಕುಳಿಗಳಲ್ಲಿ ಕೆಳಗಣ ಕ್ರಮದಂತೆ ನೆಡಿಸಿದೆವು. ಸತ್ತವುಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು.

ಹಿಂದಿನ ಸಂಜೆ ಪಾತಿಗೆ ನೀರು ಕಟ್ಟಿ, ಬೆಳಗಿನ ತಂಪಿನಲ್ಲಿ ಗುದ್ದಲಿಯಿಂದ ಆಳವಾಗಿ ಸಡಿಲಿಸಿ ಎತ್ತಬೇಕು, ಕೈಯಿಂದ ಜಗ್ಗಕೂಡದು. ಎತ್ತಿದೊಡನೆ ಬೇರನ್ನು ಸಗಣಿ ಮತ್ತು ಜೇಡಿಮಣ್ಣಿನ ರಾಡಿಯಲ್ಲಿ ಅದ್ದಿ, ಒದ್ದೆ ಗೋಣಿತಟ್ಟಿನಲ್ಲಾಗಲಿ ಬಾಳೆಯ ಪಟ್ಟೆಯಲ್ಲಾಗಲಿ ಸುತ್ತಿ ನೆರಳಿನಲ್ಲಿಡಬೇಕು. ಅಂದೇ ನೆಡಲಾಗದಿದ್ದರೆ ನೆರಳಿನಲ್ಲಿ ಕಾಲುವೆ ತೋಡಿ, ಸಸಿಗಳನ್ನು ಓರೆಯಾಗಿ ಮಲಗಿಸಿ, ಬೇರಿಗೆ ತೇವದ ಮಣ್ಣು ಮುಚ್ಚಬೇಕು.

ಸಣ್ಣ ಸಸಿಯಾದರೆ ತುದಿಯ ಎರಡು ಮೂರು ಎಲೆಗಳನ್ನು ಬಿಟ್ಟು ಉಳಿದುವನ್ನು ಕತ್ತರಿಸಬೇಕು. ಹೆಬ್ಬೆರಳಿನ ಗಾತ್ರದ ಹೊಂಗೆ, ಕಕ್ಕೆಗಳನ್ನು ಮೋಟು ಮಾಡಿ ನೆಡುವುದೇ ಉತ್ತಮ: ಬುಡದಿಂದ ಮೇಲೆ ೨ ಅಂಗುಲ ಕಾಂಡ, ಕೆಳಗೆ ೯ ಅಂಗುಲ ತಾಯಿಬೇರು ಉಳಿಯುವಂತೆ ಹರಿತವಾದ ಕತ್ತಿಯಿಂದ ಒಂದೇ ಏಟಿಗೆ ಕಡಿಯಬೇಕು. ಬೇರಿನಲ್ಲಿ ಕೂಡಿಟ್ಟ ಆಹಾರದಿಂದಲೇ ಅದು ಹೊಸದಾಗಿ ಚಿಗುರುತ್ತದೆ.

ನೆಡುವುದು, ಮುಂದಿನ ಪೋಷಣೆ

ಮೋಡದ ದಿನವನ್ನಾಗಲಿ ಸಂಜೆಯನ್ನಾಗಲಿ ಆರಿಸಿರಿ. ಪಾತಿಯಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ಇಳಿಸಿ, ಬೇರುಗಳು ಮಡಿಸದಂತೆ ಹರಡಿ, ಮಣ್ಣು ಹಾಕುತ್ತಾ ಕಾಲಿನಿಂದ ಗಟ್ಟಿಯಾಗಿ ತುಳಿಯಬೇಕು. ಒಳಗೆ ಗಾಳಿಯ ಪೊಳ್ಳು ಉಳಿದರೆ ಬೇರು ಒಣಗುವುದು. ಎರಡು ಬೆರಳಿನಿಂದ ಎಳೆದರೆ ಸಸಿ ಮೇಲೇಳಬಾರದು, ಇದೇ ಪರೀಕ್ಷೆ.

ನೆಟ್ಟೊಡನೆ ಒಂದೆರಡು ಕೊಡ ನೀರೆರೆದು, ಬುಡದ ಸುತ್ತ ತರಗನ್ನು ಕಾಂಡಕ್ಕೆ ತಾಗದಂತೆ ಹರಡಿರಿ. ಮಳೆ ತಪ್ಪಿದರೆ ಮೂರು ನಾಲ್ಕು ದಿನಗಳಿಗೊಮ್ಮೆ ನೀರು ಕೊಡಬೇಕು. ಮೋಟಿನಿಂದ ಹಲವು ಚಿಗುರು ಹೊರಟರೆ, ಗೇಣುದ್ದ ಬಂದಾಗ ಬಲವಾದುದೊಂದನ್ನು ಉಳಿಸಿ ಮಿಕ್ಕವನ್ನು ಚಿವುಟಬೇಕು. ಆಡುದನಗಳಿಗೆ ಸಿಕ್ಕದಂತೆ ಮುಳ್ಳಿನ ಬೇಲಿ ಅವಶ್ಯ. ಮುಂದಿನ ಎರಡು ಬೇಸಗೆ ನೀರು ತಪ್ಪಿಸಕೂಡದು.

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ವರ್ಷ ತಮ್ಮ ಅಂಗಳದಲ್ಲಿ ನಾಲ್ಕೇ ಸಸಿಗಳನ್ನಾದರೂ ಈ ಕ್ರಮದಿಂದ ನೆಟ್ಟು ನೋಡಬೇಕು. ಅವರ ಅಂಗಳದಲ್ಲಿ ಬದುಕಿದ ಮರವನ್ನು ಕಂಡು ಊರಿನವರು ಕಲಿಯುವಷ್ಟು ಲೇಖನವನ್ನು ಓದಿ ಕಲಿಯಲಾರರು.